ಹೂವಮ್ಮನ ಹಿಂದೆ ಕಟ್ಟಿದ ದಾರಿ

ಮರೆವಂತೆ! ನನಗೆ ಮರೆವು ಹತ್ತಿದೆಯಂತೆ! ನಿನ್ನೆ ಉಂಡ ಸಾರು ಯಾವುದೆಂದು ಕೇಳಿದರೆ ಹೇಳಲಾರೆ, ಒಪ್ಪಿದೆ. ನಿನ್ನೆಯ ಸಾರಿನಲ್ಲಿ ನೆನಪಿಡುವಂಥದ್ದು ಏನಿತ್ತು? ಆದರೆ ಆಣೆ ಹೋಗಿ ನಯಾಪೈಸೆ ಬಂದ ಮರುವರ್ಷ ಹನುಮಮ್ಮನ ಸೊಸೆಗೆ ಏನಾಯಿತು ಅನ್ನುವುದನ್ನು ನನಗೆ ಕಲಿಸಲು ಬರಬೇಡಿ. ಮೊನ್ನೆ ನಾನು ಫೋನಿನಲ್ಲಿ ಮಾತಾಡಿ ಕಳಿಸಿದ್ದನ್ನು ಕೇಳಿ ನಿಮ್ಮಲ್ಲೊಬ್ಬ, "ಅಜ್ಜ ಕಟ್ಟಿ ಹೇಳ್ತಾನೆ" ಎಂದನಂತೆ. ಅವನು ಹುಟ್ಟುವ ಮೊದಲೇ ನಾನು ಹನುಮಮ್ಮನ ಜಗಲಿಯಲ್ಲಿ ಕೂತು, ಅವಳು ಅವರೆಕಾಯಿ ಸುಲಿಯುತ್ತ ಹೇಳಿದ್ದನ್ನು ಅವಳ ಬಾಯಿಂದಲೇ ಕೇಳಿದವನು. ಬಾಯಿ ಮುಚ್ಚಿಕೊಂಡು ಕೇಳಿ. ನಡುವೆ ಎದ್ದು ಚಹಾ ಕುಡಿಯಲು ಹೋಗುವವರು ಈಗಲೇ ಹೋಗಿ.

ಹನುಮಮ್ಮನದು ತೊಗರ್ಸಿಯಿಂದ ಆಚೆಗಿನ ಒಂದು ಸಣ್ಣ ಹಳ್ಳಿ. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಒಬ್ಬನೇ ಮಗ ಗುತ್ಯಪ್ಪ. ಚಂದ್ರಗುತ್ತಿಯ ಅಮ್ಮನಿಗೆ ಹರಕೆ ಹೊತ್ತು ಪಡೆದವನು, ಅದಕ್ಕೇ ಆ ಹೆಸರು. ಸೊಸೆ ಹೂವಮ್ಮ ತಾಯಿಯಿಲ್ಲದ ಹುಡುಗಿ. ಹನುಮಮ್ಮ ಊರಿಗೆಲ್ಲ ಗಯ್ಯಾಳಿ, ಸೊಸೆಯ ಮುಂದೆ ಮಾತ್ರ ಬೆಣ್ಣೆ. "ಸೊಸೆನ ಬಯ್ಯಾಕೆ ಬರದಿರೋ ಅತ್ತೆ ಎಂಥಾ ಅತ್ತೆನೇ" ಎಂದು ಬಾವಿಕಟ್ಟೆಯಲ್ಲಿ ಹೆಂಗಸರು ನಗುತ್ತಿದ್ದರು. "ನಿಮ್ಮನ್ನ ಬಯ್ಯೋದ್ರಲ್ಲೇ ಬಾಯಿ ಸವೀತು, ಅವಳಿಗೆಲ್ಲಿ ಉಳೀತದೆ" ಎಂದು ಇವಳು ಕೊಡ ಎತ್ತುತ್ತಿದ್ದಳು.

ಆ ವರ್ಷ ಮೊದಲು ಆಸ್ಪತ್ರೆ ಕಂಡವನು ಗುತ್ಯಪ್ಪ. ಬದು ಕಡಿಯುವಾಗ ಗುದ್ದಲಿ ಜಾರಿ ಮೀನಖಂಡಕ್ಕೆ ಬಿತ್ತು. ಜಮಾಲ್ ಸಾಬ್ ಎಂಬವರ ಕಮಾನು ಗಾಡಿಯಲ್ಲಿ ಶಿಕಾರಿಪುರಕ್ಕೆ ಒಯ್ದರು. ಜಮಾಲ್ ಸಾಬ್ ಬಳೆ, ಬೆಲ್ಲ, ಬಟ್ಟೆ ಎಲ್ಲದರ ವ್ಯಾಪಾರಿ. ಪೇಟೆಗೂ ಹಳ್ಳಿಗೂ ಅವರ ಗಾಡಿಯೇ ಸೇತುವೆ. ಹೊಲಿಗೆ ಹಾಕಿ, ಗುಣವಾದ ಮೇಲೆ ಮನೆಗೆ ಕಳಿಸುವಾಗ ಡಾಕ್ಟರು ಗುತ್ಯಪ್ಪನ ಮುಖ ನೋಡಿ ಹೇಳಿದರು: "ಜ್ವರ ಬಂದ್ರೆ, ನಡುಕ ಬಂದ್ರೆ, ಕೆಂಪಾದ್ರೆ ತಿರುಗಿ ಬಂದ್ಬಿಡು. ತಡ ಮಾಡ್ಬೇಡ."

ಬಂದುಬಿಟ್ಟ. ಒಂದು ಸಲ ಗಾಯ ಕೀವಾಗಿ ಹೋದ. ಇನ್ನೊಂದು ಸಲ ಬರೀ ಉರಿಯುತ್ತದೆ ಎಂದು ಹೋದ. ಮತ್ತೊಂದು ಸಲ ಹೋದದ್ದು ತುರಿಕೆಗೆ. ನಿಜ ಹೇಳಬೇಕೆಂದರೆ ಆಸ್ಪತ್ರೆಯ ಬ್ರೆಡ್ಡು ಹಾಲಿನ ರುಚಿಗೆ. "ಗುತ್ಯಪ್ಪಂಗೆ ಆಸ್ಪತ್ರೆ ಅಂದ್ರೆ ಮಾವನ ಮನೆ ಆಗೈತೆ, ದೀಪಾವಳಿಗೂ ಅಲ್ಲಿಗೇ ಹೋಗ್ತಾನೆ ನೋಡ್ರಿ" ಎಂದು ಜಮಾಲ್ ಸಾಬ್ ನಗಾಡುತ್ತಲೇ ಪ್ರತಿ ಸಲವೂ ಒಯ್ದರು. ಪ್ರತಿ ಸಲವೂ ಗುಣವಾಗಿ ಬಂದ. ಯಾರೂ ಏನೂ ಅನ್ನಲಿಲ್ಲ.

ಹೂವಮ್ಮನ ಸರದಿ ಬಂತು. ಚೊಚ್ಚಲ ಹೆರಿಗೆ, ಮಗುವಿನ ತಲೆ ಸಿಕ್ಕಿಕೊಂಡಿತು. ಸೂಲಗಿತ್ತಿ ಕೈ ಚೆಲ್ಲಿದಳು. ಮತ್ತೆ ಅದೇ ಗಾಡಿ, ಅದೇ ಆಸ್ಪತ್ರೆ. ಚಿಮುಟ ಹಾಕಿ ಮಗುವನ್ನು ತೆಗೆದರು. ಹೆಣ್ಣು ಮಗು, ಕೆನ್ನೆಯ ಮೇಲೆ ಚಿಮುಟದ ಗುರುತು, ಆದರೆ ಅತ್ತಿತು. ತಾಯಿಯೂ ಉಳಿದಳು. ಹನುಮಮ್ಮ ಹೆಂಗಸರ ವಾರ್ಡಿನಲ್ಲೇ, ಸೊಸೆಯ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಉಳಿದಳು.

ಪಕ್ಕದ ಮಂಚದಲ್ಲಿ ರಾಧಮ್ಮ ಎಂಬವಳಿದ್ದಳು. ಶಿಕಾರಿಪುರ ಅವಳ ತವರು, ಕೊಟ್ಟದ್ದು ಸೊರಬದ ಕಡೆ, ಕುಪ್ಪಗಡ್ಡೆಯ ಹತ್ತಿರದ ಹಳ್ಳಿಗೆ. ಇಲ್ಲೇ ಹೆತ್ತು ಮನೆಗೆ ಹೋಗಿದ್ದವಳು, ಜ್ವರ ತಲೆಗೇರಿದ ಮೇಲೆ ಕೂಸನ್ನು ಅತ್ತೆಯ ಬಳಿ ಬಿಟ್ಟು ತಿರುಗಿ ಬಂದಿದ್ದಳು. ಆಸ್ಪತ್ರೆಯ ಕೆಂಪು ಕಂಬಳಿ ಹೊದ್ದು, ಗಲ್ಲ ಮೊಣಕಾಲಿಗೆ ಊರಿ ಕೂತೇ ಇರುತ್ತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು.

"ಮೊದಲೇ ಯಾಕವ್ವ ಬರಲಿಲ್ಲ?" ಎಂದು ಹನುಮಮ್ಮ ಕೇಳಿದ್ದಳು.

"ನಮ್ಮತ್ತೆ ದಾರಿ ಕಟ್ಟಿದ್ರು ಅಮ್ಮಾ. ದಾರ ತಾನಾಗೇ ಬಿದ್ದ ಮೇಲೆ ಹೋದ್ರಾತು ಅಂದ್ರು. ಬೀಳ್ಲಿಲ್ಲ. ಅಣ್ಣ ಬಂದು ಜಗಳ ಮಾಡಿ ಕರ್ಕಂಡ್ ಬಂದ."

ಹನುಮಮ್ಮ ತಲೆಯಾಡಿಸಿದಳು. ಅವಳಿಗೆ ಆ ಅತ್ತೆಯದು ತಪ್ಪೆನಿಸಲಿಲ್ಲ, ಆ ಅಣ್ಣನದು ಅನಿಸಿತು.

ಮರುದಿನ ಮನೆಗೆ ಹೊರಡಲು ಹನುಮಮ್ಮ ಬಟ್ಟೆಯ ಗಂಟು ಕಟ್ಟುತ್ತಿದ್ದಾಗ ರಾಧಮ್ಮ ಅವಳ ಸೆರಗು ಹಿಡಿದಳು. "ಅಮ್ಮಾ, ಗಾಡಿಲಿ ನಂಗೂ ಒಂದೀಟು ಜಾಗ ಬಿಡ್ರಿ. ಮನೆಗೆ ಹೋಗ್ಬೇಕು."

ಸಾಯುವವಳಿಗೆ ಇಲ್ಲ ಎನ್ನುವುದು ಹೇಗೆ? "ಹೂಂ ಕಣವ್ವ, ಬಾ. ಜಾಗಕ್ಕೇನು" ಎಂದು ಹನುಮಮ್ಮ ಕೈ ಬಿಡಿಸಿಕೊಂಡಳು. ಗಾಡಿ ಬರುವ ಹೊತ್ತಿಗೆ ರಾಧಮ್ಮನ ಮುಖದ ಮೇಲೆ ಕೆಂಪು ಕಂಬಳಿ ಎಳೆದಿದ್ದರು.

ಹೊರಡುವಾಗ ಡಾಕ್ಟರು ಬಂದು ಹೇಳಿದರು: "ಜ್ವರ ಬಂದ್ರೆ, ನಡುಕ ಬಂದ್ರೆ ತಿರುಗಿ ಕರ್ಕೊಂಡ್ ಬನ್ನಿ. ತಡ ಮಾಡ್ಬೇಡಿ." ಮಾತು ಅದೇ. ಕೇಳಿದ ಕಿವಿ ಮಾತ್ರ ಬೇರೆ. ಗುತ್ಯಪ್ಪನಿಗೆ ಗುತ್ಯಪ್ಪನ ಮುಖ ನೋಡಿ ಹೇಳಿದ್ದರು; ಹೂವಮ್ಮನ ಜ್ವರದ ಮಾತನ್ನು ಅವಳ ಅತ್ತೆಗೆ ಹೇಳಿದರು. ಹೂವಮ್ಮ ಸೆರಗು ಹೊದ್ದು, ಮಗು ಹಿಡಿದು, ಗೋಡೆಯ ಕಡೆ ನಿಂತಿದ್ದಳು.

ಆ ದಾರಿ ಕಟ್ಟುವ ಪದ್ಧತಿ ಏನೆಂದು ಈಗ ಹೇಳುತ್ತೇನೆ. ಇಂದು ಅದು ಎಲ್ಲೂ ಇಲ್ಲ, ಹುಡುಕಿಕೊಂಡು ಹೋಗಬೇಡಿ. ಆಸ್ಪತ್ರೆಯಲ್ಲಿ ಸತ್ತ ಹೆಂಗಸರು ಬದುಕಿದ ಹೆಂಗಸಿನ ಬೆನ್ನು ಹಿಡಿದು ಬರುತ್ತಾರೆ ಎಂಬುದು ನಂಬಿಕೆ. ಅದಕ್ಕೆ ಹೆಣ್ಣು ಆಸ್ಪತ್ರೆಯಿಂದ ಬಂದು ಊರ ಗಡಿ ದಾಟಿದ ಕೂಡಲೇ ಗಾಡಿಯ ಹಿಂದೆ, ರಸ್ತೆಯ ಆಚೀಚೆಯ ಎರಡು ಮರಗಳಿಗೆ ಅರಿಶಿನದ ದಾರ ಕಟ್ಟುತ್ತಿದ್ದರು. ಎರಡು ಬೊಡ್ಡೆಗಳಿಗೆ ಗಂಟು, ನಡುವಿನ ಎಳೆ ಕೊಂಬೆಗಳ ಮೇಲೆ, ಗಾಡಿಯ ಕಮಾನಿಗಿಂತ ಎತ್ತರದಲ್ಲಿ. ಅದರಡಿ ಊರೆಲ್ಲ ಓಡಾಡಬಹುದು. ಆ ಹೆಂಗಸು ಮಾತ್ರ, ದಾರ ಮಳೆಗೋ ಗಾಳಿಗೋ ತಾನಾಗಿ ಬೀಳುವವರೆಗೆ, ಹೊರಗೆ ಹೋಗುವಂತಿಲ್ಲ. ಹೋದರೆ ಆಚೆ ಕಾದಿರುವುದು ಅವಳ ಜೊತೆ ಒಳಗೆ ಬರುತ್ತದೆ.

ಗಂಡಸರಿಗೆ? ಗಂಡಸಿಗೆ ಕಟ್ಟುವುದಿಲ್ಲ. ಗಂಡಸಿನ ಕಾಲು ಸಂತೆ, ಕಚೇರಿ, ಗಿರಣಿ ಎಂದು ಸಾವಿರ ದಾರಿ ತುಳಿದದ್ದು, ಯಾವುದನ್ನು ಕಟ್ಟುತ್ತೀರಿ? ಇದಕ್ಕೊಂದು ಗಾದೆ ಬೇರೆ: ತಿರುಗಿ ಹೋದ ಹೆಣ್ಣು ತಿರುಗಿ ಬರುವುದಿಲ್ಲ. ನಿಜ, ಬರುತ್ತಿರಲಿಲ್ಲ. ಗಂಡಸು ಮೈ ಬೆಚ್ಚಗಾದ ದಿನವೇ ನಡೆದುಕೊಂಡು ಹೋಗುತ್ತಿದ್ದ, ಹೆಂಗಸನ್ನು ಕಣ್ಣು ಮೇಲೆ ಮಾಡಿದ ಮೇಲೆ ಚಾಪೆಯಲ್ಲಿ ಸುತ್ತಿ ಒಯ್ಯುತ್ತಿದ್ದರು. ಸತ್ತರೆ, ತಿರುಗಿ ಹೋದದ್ದರಿಂದಲೇ ಸತ್ತಳು ಎನ್ನುತ್ತಿದ್ದರು. ಎಂಥ ಲೆಕ್ಕ ನೋಡಿ!

ಅಂದು ಗಾಡಿಯ ಎತ್ತುಗಳು ದಾರಿಯುದ್ದಕ್ಕೂ ಏದುಸಿರು ಬಿಟ್ಟವು. "ಏನಮ್ಮಾ ಇದು, ಬರೋವಾಗಿಂತ ಹೋಗೋವಾಗ್ಲೇ ಭಾರ ಆಗೈತಲ್ಲ. ಮೊಮ್ಮಗಳು ಇಷ್ಟು ತೂಕದೋಳಾ?" ಎಂದು ಜಮಾಲ್ ಸಾಬ್ ಕೆಳಗಿಳಿದು ನಡೆದರು. ಹೂವಮ್ಮ ಗಾಡಿಯ ಮೂಲೆಗೆ ಒತ್ತಿಕೊಂಡು ಕೂತಿದ್ದಳು. ಅವಳ ಪಕ್ಕದ ಹುಲ್ಲು ಖಾಲಿಯಿತ್ತು.

ಗಡಿಯಲ್ಲಿ ಎರಡು ಮತ್ತಿ ಮರಗಳಿದ್ದವು. ಗಾಡಿ ದಾಟಿಸಿ, ಹನುಮಮ್ಮ ತಾನೇ ಗಂಟು ಹಾಕಿದಳು. ಬೇರೆಯವರು ಹಾಕಿದರೆ ಸಡಿಲವಾದೀತು ಎಂಬ ಭಯ. ನಿಂಬೆಹಣ್ಣು ಹಿಂಡಿ ಎಸೆದು, "ಬೆನ್ನ ಹಿಂದೆ ಬಂದೋಳೇ, ಅಲ್ಲೇ ನಿಲ್ಲು" ಎಂದಳು. ಜಮಾಲ್ ಸಾಬ್ ಬೇರೆ ಕಡೆ ನೋಡುತ್ತ ನಿಂತರು.

ಕೆಲವು ದಿನ ಚೆನ್ನಾಗಿಯೇ ಇತ್ತು. ಆಮೇಲೆ ಹನುಮಮ್ಮ ಗಮನಿಸಿದಳು: ಬಾಣಂತಿ ಕೋಣೆಯಲ್ಲಿ ಹೂವಮ್ಮ ಚಾಪೆಯ ಅಂಚಿನಲ್ಲಿ ಮಲಗುತ್ತಾಳೆ. ಅರ್ಧ ಮೈ ನೆಲದ ಮೇಲೆ, ಅರ್ಧ ಚಾಪೆ ಖಾಲಿ.

"ಒಳಗೆ ಸರಕಳೇ, ಥಂಡಿ ಏರ್ತದೆ."

"ಅಕ್ಕ ಮಲಗ್ಯಾಳೆ ಅತ್ತೆ" ಎಂದಳು ಹೂವಮ್ಮ. ಹಣೆ ಮುಟ್ಟಿದರೆ ಕಾವಲಿ.

ಆ ದಿನ ಶುರುವಾದದ್ದು ನಡುಕ. ಕಷಾಯ ಕುಡಿಸಿದರು, ಬೆವರಿಸಿದರು. ಇಳಿದ ಜ್ವರ ಮತ್ತೆ ಏರಿತು. ಮಗುವನ್ನು ಎದೆಗೆ ಹಿಡಿದರೆ ಹಾಲಿಲ್ಲ. ಹೂವಮ್ಮ ಬಾಗಿಲಿನ ಕಡೆ ನೋಡಿ ಯಾರಿಗೋ ತಲೆಯಾಡಿಸುತ್ತಿದ್ದಳು. "ಏನೇ ಅದು?" ಎಂದರೆ, "ಗಾಡಿ ಯಾವಾಗ ಕಟ್ತಾರೆ ಅಂತ ಕೇಳ್ತಾಳೆ" ಎನ್ನುತ್ತಿದ್ದಳು.

ಗುತ್ಯಪ್ಪ ಬಾಗಿಲ ಹೊರಗೆ ನಿಂತು ಗೊಣಗಿದ, "ಅವ್ವಾ, ಡಾಕ್ಟ್ರು ಜ್ವರ ಬಂದ್ರೆ ಕರ್ಕಂಡ್ ಬರ್ರಿ ಅಂದಿದ್ರಲ್ಲ."

"ನಿಂಗೂ ಅಂದಿದ್ರು."

"ಅದಕ್ಕೇ ಹೋಗಿದ್ದೆ. ನೆಟ್ಟಗಾಗಿಲ್ವಾ ನಾನು?"

"ನಿನ್ನ ಕಾಲೇ ಬ್ಯಾರೆ, ಅವಳ ಕತೇನೇ ಬ್ಯಾರೆ. ಆ ರಾಧಮ್ಮ ಅವಳನ್ನ ಕರೀತಾ ಅವಳೆ, ಆ ಖಾಲಿ ಮಂಚಕ್ಕೆ. ನಾನು ಕಳಿಸಲ್ಲ. ಮನೆ ತುಂಬಿದ ಮಗೂನ ಹೆಣದ ಕೈಗೆ ಕೊಡಾಕಾಗಲ್ಲ."

ತನ್ನ ತುರಿಕೆಗೆ ಊರನ್ನೇ ಎಬ್ಬಿಸುವ ಗಂಡಸು ಹೆಂಡತಿಯ ಜ್ವರಕ್ಕೆ ಇಷ್ಟೇ ಮಾತು ಖರ್ಚು ಮಾಡಿದ.

ಜಮಾಲ್ ಸಾಬ್ ಸಂತೆಗೆ ಹೊರಟವರು ಗಾಡಿ ನಿಲ್ಲಿಸಿ ಬಾಣಂತಿಯನ್ನು ವಿಚಾರಿಸಿದರು. ವಿಷಯ ಕೇಳಿ ಅವರ ನಗು ಆರಿತು. "ಹನುಮಮ್ಮಾ, ನಿನ್ನ ಮಗನ್ನ ಒಣಗಿದ ಗಾಯಕ್ಕೆ ಹೊತ್ಕೊಂಡ್ ಹೋಗೀನಿ. ಈ ಮಗೀನ ಬೆಂಕಿಯಂಥಾ ಮೈಗೆ ಹೋಗಬಾರ್ದಾ? ನಿಮ್ಮ ದಾರ ನಂಗೆ ಗೊತ್ತಿಲ್ಲ ತಾಯಿ. ಜ್ವರ ಗೊತ್ತೈತೆ. ನನ್ನ ಹೆಂಡ್ತಿ ಅಮೀನಾಬಿನೂ ಇಂಥದ್ದೇ ಜ್ವರದಾಗೆ ಹೋದ್ಳು."

"ನಿಮ್ಮಲ್ಲಿ ದಾರಿ ಕಟ್ಟಲ್ವಲ್ಲ ಸಾಬ್ರೇ, ಮತ್ತೆ ಅವಳು ಯಾಕೆ ಹೋದ್ಳು?" ಹನುಮಮ್ಮ ಚುಚ್ಚಿದಳು.

ಜಮಾಲ್ ಸಾಬ್ ಹಗ್ಗ ನೋಡುತ್ತ ಹೇಳಿದರು, "ದಾರ ಇರ್ಲಿಲ್ಲ. ನಾನಿದ್ದೆ. ನಾಳೆ ನೋಡಾಣ ಅಂತಿದ್ದೆ." ಆಮೇಲೆ, "ಊರ ಮುಂದೆ ಎತ್ತಿಗೆ ನೀರು ಕುಡಿಸ್ತಿರ್ತೀನಿ. ಬರೋದಾದ್ರೆ ಬಾ" ಎಂದು ಹೋದರು.

ಹನುಮಮ್ಮನಿಗೆ ಹೊಳೆದದ್ದು ಒಂದೇ: ದಾರ ಸಡಿಲವಾಗಿದೆ, ಇನ್ನೊಂದು ಎಳೆ ಬಿಗಿಯಬೇಕು. ಅರಿಶಿನದ ಹೊಸ ದಾರ ಹಿಡಿದು ಗಡಿಗೆ ನಡೆದಳು.

ಮಟಮಟ ಮಧ್ಯಾಹ್ನ. ಎಲೆ ಅಲ್ಲಾಡುತ್ತಿರಲಿಲ್ಲ. ಮತ್ತಿ ಮರಗಳ ನಡುವಿನ ದಾರ ಮಾತ್ರ ನೇರವಾಗಿರಲಿಲ್ಲ. ಬಿಲ್ಲಿನಂತೆ ಬಾಗಿತ್ತು. ಬಾಗಿದ್ದು ಊರ ಕಡೆಗಲ್ಲ, ಪೇಟೆಯ ಕಡೆಗೆ. ಹೊರಗಿನಿಂದ ನೂಕಿದರೆ ಒಳಕ್ಕೆ ಬಾಗಬೇಕಿತ್ತು. ಇದನ್ನು ಯಾರೋ ಒಳಗಿನಿಂದ ನೂಕುತ್ತಿದ್ದರು.

ಅವಳು ಕಣ್ಣಿಳಿಸಿದಳು. ಮರದ ಬುಡದಲ್ಲಿ, ಊರಿನ ಈಚೆ ಬದಿಗೆ, ಕೆಂಪು ಕಂಬಳಿ ಹೊದ್ದು, ಗಲ್ಲ ಮೊಣಕಾಲಿಗೆ ಊರಿ ಒಬ್ಬಳು ಕೂತಿದ್ದಳು. ಗಾಡಿಗೆ ಕಾಯುವವರು ಕೂರುವ ಹಾಗೆ. ಮುಖದಲ್ಲಿ ಸಿಟ್ಟಿರಲಿಲ್ಲ. ರಸ್ತೆ ನೋಡುತ್ತಿದ್ದಳು. ಹನುಮಮ್ಮ ಬಂದದ್ದು ಕಂಡು, ಬುಡದ ಕಲ್ಲಿನ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

ನನಗೆ ಇದನ್ನು ಹೇಳುವಾಗ ಹನುಮಮ್ಮನ ಕೈ ಅವರೆಕಾಯಿಯ ಮೇಲೆ ನಿಂತಿತ್ತು. "ಹೆದರಿಕೆ ಆಗ್ಲಿಲ್ಲ ಕಣೋ. ನಾಚಿಕೆ ಆತು" ಎಂದಳು. ಯಾಕೆಂದರೆ ಆಗ ಅವಳಿಗೆ ತಿಳಿಯಿತು. ರಾಧಮ್ಮ ಗಾಡಿಯ ಹಿಂದೆ ಬಂದವಳಲ್ಲ. "ಬಾ, ಜಾಗಕ್ಕೇನು" ಎಂದು ತಾನೇ ಗಾಡಿಯೊಳಗೆ ಕೂರಿಸಿಕೊಂಡು ಬಂದದ್ದು. ಗಡಿ ದಾಟಿಸಿ, ಹಿಂದಿನಿಂದ ಬಾಗಿಲು ಹಾಕಿದ್ದು. ಹೊರಗಿಡಬೇಕಾದವಳನ್ನು ಸೊಸೆಯ ಚಾಪೆಯಲ್ಲಿ ಮಲಗಿಸಿ, ಇಬ್ಬರನ್ನೂ ಒಟ್ಟಿಗೆ ಕಟ್ಟಿಹಾಕಿದ್ದು. ಒಬ್ಬಳನ್ನು ಒಬ್ಬ ಅತ್ತೆ ದಾರ ಬೀಳಲಿ ಎಂದು ಕೂರಿಸಿದಳು. ಈಗ ತಾನು ಎರಡನೆಯವಳನ್ನು.

ಕುಡುಗೋಲು ತಂದಿರಲಿಲ್ಲ. ಗಂಟು ಅವಳದೇ, ಬಿಚ್ಚಲು ಬರದಷ್ಟು ಗಟ್ಟಿ. ಮರಕ್ಕೆ ಮುಖ ಒತ್ತಿ ಹಲ್ಲಿನಿಂದ ಕಚ್ಚಿ ಹರಿದಳು; ತೊಗಟೆಯೊಳಗೆ ಏನೋ ಗಡಸು ಹಲ್ಲಿಗೆ ತಾಗಿತು. ಬಾಯಲ್ಲಿ ಅರಿಶಿನ, ತೊಗಟೆ, ರಕ್ತ. ದಾರ ಕೊಂಬೆಯಿಂದ ಜಾರಿ ರಸ್ತೆಗೆ ಬಿತ್ತು. ತಿರುಗಿ ನೋಡಿದರೆ ಕಲ್ಲು ಖಾಲಿ.

"ಸಾಬ್ರೇ! ಗಾಡಿ!" ಎಂದು ಅವಳು ಕೂಗಿಕೊಂಡು ಓಡಿ ಬಂದದ್ದನ್ನು ಊರೇ ನೋಡಿತು. ಯಾರೋ "ದಾರ ಹರಿದವ್ಳೇ!" ಎಂದು ಬಾಯಿ ಬಡಿದುಕೊಂಡರು. "ನಿನ್ನ ಸೊಸೆಗೆ ಕಟ್ಕೋ ಹೋಗೇ" ಎಂದು ಹನುಮಮ್ಮ ಓಡುತ್ತಲೇ ಬೈದಳು.

ಆಸ್ಪತ್ರೆಯಲ್ಲಿ ಡಾಕ್ಟರು ಹೂವಮ್ಮನ ಹೊಟ್ಟೆ ಮುಟ್ಟಿ ನೋಡಿದರು. ಆಮೇಲೆ ಬಾಗಿಲಲ್ಲಿ ನಿಂತ ಗುತ್ಯಪ್ಪನ ಗುರುತು ಹಿಡಿದರು. "ನೀನಾ! ಕಾಲು ತುರಿಸಿದ್ರೆ ಓಡೋಡಿ ಬರ್ತಿದ್ದೆ. ಇವಳು ಬೆಂದು ಹೋಗೋವರೆಗೂ ಏನ್ರಯ್ಯಾ ಮಾಡ್ತಿದ್ರಿ?" ಗುತ್ಯಪ್ಪ ತನ್ನ ಕಾಲನ್ನು ಇನ್ನೊಂದು ಕಾಲಿನ ಹಿಂದೆ ಅಡಗಿಸಿಕೊಂಡ.

ಖಾಲಿಯಿದ್ದ ಮಂಚ ಒಂದೇ. ರಾಧಮ್ಮನದು. ಅದರ ಮೇಲೆ ಮಡಿಸಿಟ್ಟ ಕೆಂಪು ಕಂಬಳಿ. "ಬೇರೆ ಇಲ್ವೇನ್ರಿ" ಎಂಬ ಮಾತು ಹನುಮಮ್ಮನ ಬಾಯಿಗೆ ಬಂದಿತ್ತು, ನುಂಗಿಕೊಂಡಳು. ಸೊಸೆಯನ್ನು ತಾನೇ ಎತ್ತಿ ಮಲಗಿಸಿ, ತಾನೇ ಕಂಬಳಿ ಹೊದಿಸಿ, ಮಂಚದ ತಲೆಗೆ ಕೂತು ಪಕ್ಕದ ಗಾಳಿಗೆ ಹೇಳಿದಳು: "ತಾಯೀ, ಇವಳು ಎದ್ದ ದಿನ ನಿನ್ನ ಮನೆಗೆ ಮುಟ್ಟಿಸ್ತೀನಿ. ಅಲ್ಲೀಗಂಟ ಇವಳನ್ನ ನೋಡ್ಕೋ."

ಸೂಜಿಯ ಮೇಲೆ ಸೂಜಿ ಚುಚ್ಚಿದರು. ಹೂವಮ್ಮ ಎಲುಬಾದಳು, ಕೂದಲು ಉದುರಿತು, ಕಿವಿ ಮಂದವಾಯಿತು. ಆದರೆ ಒಂದು ಬೆಳಗ್ಗೆ ಬೆವರಿ, ತಣ್ಣಗಾಗಿ, ಗಂಜಿ ಕೇಳಿದಳು.

ಮನೆಗೆ ಕರೆತಂದರು. ದಾರಿ ಕಟ್ಟಲಿಲ್ಲ. ಆದರೆ ಬರುವಾಗ ಎತ್ತುಗಳು ಮತ್ತೆ ಏದುಸಿರು ಬಿಟ್ಟವು, ಹೂವಮ್ಮ ಚಾಪೆಯ ಅಂಚಿನಲ್ಲೇ ಮಲಗಿದಳು. ಮಾರನೆಯ ದಿನವೇ ಹನುಮಮ್ಮ ಜಮಾಲ್ ಸಾಬ್‌ರ ಗಾಡಿ ಹತ್ತಿದಳು, ಒಂದು ಮೂಲೆಯಲ್ಲಿ, ಪಕ್ಕದಲ್ಲಿ ಜಾಗ ಬಿಟ್ಟು. "ಕುಪ್ಪಗಡ್ಡೆ ಕಡೆಗೆ." ಜಮಾಲ್ ಸಾಬ್ ಖಾಲಿ ಜಾಗ ನೋಡಿದರು. ಅಲ್ಲಿ ಹೊಸ ಹುಲ್ಲು ಹಾಸಿದರು.

ರಾಧಮ್ಮನ ಊರ ಗಡಿಯಲ್ಲೂ ಎರಡು ಮರ. ದಾರ ಇನ್ನೂ ಬಿದ್ದಿರಲಿಲ್ಲ. ಬಣ್ಣ ಹೋಗಿ ಬೂದಿಯಾಗಿತ್ತು. ಎತ್ತುಗಳು ಅದರ ಮುಂದೆ ನಿಂತವು, ಹೊಡೆದರೂ ಕದಲಲಿಲ್ಲ. ಹನುಮಮ್ಮ ಇಳಿದು ಬೊಡ್ಡೆ ತಡವಿದಳು. ಆ ಗಂಟಿನ ಕೆಳಗೆ ಇನ್ನೊಂದು ಗಂಟು, ಅದರ ಕೆಳಗೆ ಮತ್ತೊಂದು. ಹಳೆಯವನ್ನು ತೊಗಟೆಯೇ ನುಂಗಿ ಬೆಳೆದಿತ್ತು. ತನ್ನ ಊರಿನ ಮರದಲ್ಲಿ ಹಲ್ಲಿಗೆ ಸಿಕ್ಕ ಗಡಸು ಏನೆಂದು ಅವಳಿಗೆ ಆಗ ಅರ್ಥವಾಯಿತು.

ಕರು ಮೇಯಿಸುತ್ತಿದ್ದ ಮುದುಕಿಯೊಬ್ಬಳು ಓಡಿಬಂದಳು. "ಯಾರ್ರೀ ಅದು? ಮುಟ್ಬ್ಯಾಡಿ ಮಾರಾಯ್ತಿ! ನನ್ನ ಸೊಸೆಗೆ ಕಟ್ಟಿದ್ದು ಅದು."

"ಗೊತ್ತೈತೆ" ಎಂದಳು ಹನುಮಮ್ಮ. "ರಾಧಮ್ಮ ಬಂದವಳೆ. ಮನೆಗೆ ಕರ್ಕಳ್ರಿ."

ಮುದುಕಿ ಖಾಲಿ ಗಾಡಿ ನೋಡಿದಳು. ಬೈಯುತ್ತಾಳೆ ಎಂದು ಜಮಾಲ್ ಸಾಬ್ ಹಗ್ಗ ಬಿಗಿಹಿಡಿದರು. ಅವಳು ಬೈಯಲಿಲ್ಲ. ಸೊಂಟದ ಕತ್ತಿ ತೆಗೆದು ದಾರ ಕೊಯ್ದಳು. ಸೆರಗು ತಲೆಗೆ ಹೊದ್ದು ಗಾಡಿಯ ಹಿಂದಕ್ಕೆ ಬಂದು, ಇಳಿಯುವವರಿಗೆ ಕೊಡುವ ಹಾಗೆ ಕೈ ಚಾಚಿದಳು. "ಬಾ ಅವ್ವಾ. ನೀರು ಕಾಸಿಟ್ಟೀನಿ. ಮಗ ಎದ್ದವ್ನೆ, ತೊಟ್ಲಲ್ಲಿ" ಎಂದು, ಚಾಚಿದ ಕೈಯನ್ನು ಕೆಳಗಿಳಿಸದೆ, ಕರುವನ್ನೂ ಮರೆತು, ಊರಿನ ಕಡೆ ನಡೆದಳು. ನಿಧಾನಕ್ಕೆ. ಬಾಣಂತಿಯ ಜೊತೆ ನಡೆಯುವವರು ಹಾಗೇ ನಡೆಯುವುದು.

ಹಿಂತಿರುಗುವಾಗ ಎತ್ತುಗಳು ಹಾರಿಕೊಂಡು ಬಂದವು. ಹನುಮಮ್ಮ ಮನೆಗೆ ಬಂದಾಗ ಹೂವಮ್ಮ ಚಾಪೆಯ ನಟ್ಟನಡುವೆ, ಮಗುವನ್ನು ತಬ್ಬಿ, ಕೈಕಾಲು ಚೆಲ್ಲಿ ಮಲಗಿದ್ದಳು.

ಆದರೆ ಹನುಮಮ್ಮ? ಅವಳು ಕುಡುಗೋಲು ಹಿಡಿದು ತನ್ನೂರಿನ ಮತ್ತಿ ಮರಕ್ಕೆ ಹೋದಳು. ತೊಗಟೆ ಕೆತ್ತಿದಷ್ಟೂ ಗಂಟು. ಒಂದು ತನ್ನ ಓರಗಿತ್ತಿಗೆ ಕಟ್ಟಿದ್ದು, ಕಟ್ಟುವಾಗ ತಾನೇ ಅರಿಶಿನ ಹಿಡಿದು ನಿಂತಿದ್ದಳು. ಉಳಿದವು ಯಾರವೋ. ಬಿಚ್ಚಲು ಬಂದಷ್ಟು ಬಿಚ್ಚಿದಳು. ಆಳಕ್ಕೆ ಹೋದವು ಇಂದಿಗೂ ಮರದೊಳಗಿವೆ. ಸಾಯುವವರೆಗೂ ಅವಳು ಜಗಲಿಯಲ್ಲಿ ಕೂತರೆ ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟೇ ಕೂರುತ್ತಿದ್ದಳು. ಗೊತ್ತಿಲ್ಲದೆ ನಾನೊಮ್ಮೆ ಅಲ್ಲಿ ಕೂರಲು ಹೋದೆ. "ಆ ಕಡೆ ಕೂತ್ಕೊಳೋ" ಎಂದು ಗದರಿದಳು. ನಾನು ಆ ಕಡೆ ಕೂತೆ.

ಇಷ್ಟೇ. ನಂಬದಿದ್ದರೆ ಬಿಡಿ, ನಂಬಿಕೆ ನನಗೆ ಬೇಡ. ನಿಮ್ಮ ಮನೆಯ ಹೆಂಗಸು ಆಸ್ಪತ್ರೆಯಿಂದ ಬಂದ ಮೇಲೆ "ಯಾಕೋ ಮೈ ಬಿಸಿ" ಎಂದರೆ "ನಾಳೆ ನೋಡೋಣ" ಎನ್ನುವವರು ಇನ್ನೂ ಇದ್ದಾರೆ. ದಾರ ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಅಂಥವರು ಯಾರೆಂದು ನಿಮಗೆ ಗೊತ್ತು. ಈ ನನ್ನ ಮಾತನ್ನು ಅವರಿಗೆ ಕಳಿಸಿ. ಗಂಡಸರಿಗೆ ಮೊದಲು ಕಳಿಸಿ, ಅತ್ತೆಯರಿಗೂ ಕಳಿಸಿ. ಅವರು ಇನ್ನೊಬ್ಬರಿಗೆ ಕಳಿಸಲಿ. ನನ್ನ ಹೆಸರು ಬೇಡ, ಹನುಮಮ್ಮನ ಹೆಸರು ಹೇಳಿ.